ಹಾರ್ಡ್ ಡಿಸ್ಕ್ ಡಿಟೆಕ್ಟ್ ಆಗವಲ್ದು ಅಂದ್ರ, ಯಾರಿಗೆ ಕಾಣವಲ್ದು?

"ತಮ್ಮಾ, ಹಾರ್ಡ್ ಡಿಸ್ಕ್ ಡಿಟೆಕ್ಟ್ ಆಗವಲ್ದೋ, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ, ಹೂಂ ಅನ್ಲ್ಯಾ?"

ಬೆಟಗೇರಿ ಅಣ್ಣಾರ ಫೋನು, ರಾತ್ರಿ ಒಂಬತ್ತು ದಾಟಿತ್ತು. ಅವ್ರದು ಡಿಟಿಪಿ ಕೆಲಸ, ಗದಗ-ಬೆಟಗೇರಿ ಕಡೆ ಪ್ರಿಂಟಿಂಗ್ ಪ್ರೆಸ್ಸು ಎಷ್ಟು ಅದಾವು ಅಂತ ಈ ಕಡೆ ಮಂದಿಗೆ ಹೇಳೂದು ಬ್ಯಾಡ, ಆ ಪ್ರೆಸ್ಸುಗಳಿಗೆ ಲಗ್ನಪತ್ರಿಕಿ, ಜಾತ್ರಿ ಪೋಸ್ಟರು, ಬಿಲ್ ಬುಕ್ಕು, ಮಠದ ಪುರಾಣದ ಪುಸ್ತಕ ಎಲ್ಲಾ ಟೈಪ್ ಮಾಡಿ ಸೆಟ್ ಮಾಡಿ ಕೊಡ್ತಾರ. ಹನ್ನೊಂದು ವರ್ಷದ ನುಡಿ ಫೈಲು, ಪೇಜ್‌ಮೇಕರ್ ಫೈಲು ಎಲ್ಲಾ ಆ ಒಂದ ಒಂದು 1 ಟಿಬಿ ಡಿಸ್ಕಿನ್ಯಾಗ. "ಬ್ಯಾಡ್ರಿ ಅಣ್ಣಾರ, ಏನೂ ಒತ್ತಬ್ಯಾಡ್ರಿ, ಕ್ಯಾನ್ಸಲ್ ಮಾಡಿ ಕಂಪ್ಯೂಟರ್ ಬಂದ್ ಮಾಡಿಬಿಡ್ರಿ, ನಾ ನಾಳೆ ಮುಂಜಾನೆ ಬರ್ತೇನಿ" ಅಂದೆ.

ಈಗ ಅವ್ರ ಮಾತನ್ನ ಇನ್ನೊಂದು ಸಲ ಓದ್ರಿ. ಡಿಟೆಕ್ಟ್ ಆಗವಲ್ದು, ಆದ್ರ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ. ಕಾಣದ ಡಿಸ್ಕನ್ನ ಫಾರ್ಮ್ಯಾಟ್ ಮಾಡ್ಲೇನು ಅಂತ ವಿಂಡೋಸ್ ಹೆಂಗ ಕೇಳ್ತೈತಿ? ಕೇಳಾಕತ್ತೈತಿ ಅಂದ್ರ ಅದಕ್ಕ ಡಿಸ್ಕ್ ಕಂಡೈತಿ, ಒಳಗಿನ ಬರಹ ಅಷ್ಟ ಓದಾಕ ಬರವಲ್ದು. ನಮ್ಮ ಬಾಯಾಗ ಎಲ್ಲಾದಕ್ಕೂ ಒಂದ ಹೆಸರು, 'ಡಿಟೆಕ್ಟ್ ಆಗವಲ್ದು'. ಕೇಬಲ್ ಲೂಸ್ ಆದ್ರೂ ಅದ, ಮೋಟರ್ ಸುಟ್ರೂ ಅದ, ಬರೇ ಡ್ರೈವ್ ಲೆಟರ್ (ಡಿ, ಇ ಅಂತ ಬರೂ ಅಕ್ಷರ) ಹೋಗಿದ್ರೂ ಅದ. ಇವು ಬ್ಯಾರೆ ಬ್ಯಾರೆ ರೋಗ, ಔಷಧಾನೂ ಬ್ಯಾರೆ, ಒಂದರ ಔಷಧ ಇನ್ನೊಂದಕ್ಕ ಕೊಟ್ರ ಇದ್ದ ಡೇಟಾನೂ ಹೋಗ್ತೈತಿ. ಅದಕ್ಕ ನಾ ಯಾರ ಕೇಳಿದ್ರೂ ಮೊದ್ಲ ತಿರುಗಿ ಕೇಳೂದು ಒಂದ: ಯಾರಿಗೆ ಕಾಣವಲ್ದು?

ಇದನ್ನ ತಿಳ್ಕೊಳ್ಳಾಕ ಬ್ಯಾಡಗಿ ಕೋಲ್ಡ್ ಸ್ಟೋರೇಜ್ ನೆನಪಿಟ್ಕೊಳ್ರಿ, ಒಳಗ ಸಾವಿರಾರು ಮೆಣಸಿನಕಾಯಿ ಚೀಲ. ಚೀಲ ಅಂದ್ರ ನಿಮ್ಮ ಫೈಲು. ನಿಮ್ಮ ಚೀಲ ನಿಮ್ಮ ಕೈಗೆ ಬರಬೇಕಾದ್ರ ಮೊದ್ಲ ಒಳಗ ಕರೆಂಟ್ ಇರಬೇಕು, ಆಮ್ಯಾಲೆ ಗೇಟಿನ್ಯಾಗ ಕುಂತಾವಗ ಇಂಥಾ ಗೋದಾಮು ಐತಿ ಅಂತ ಗೊತ್ತಿರಬೇಕು, ಆಮ್ಯಾಲೆ ಕೋಣಿ ಬಾಗಲಕ್ಕ ನಂಬರ್ ಇರಬೇಕು, ಕಡೀಕ ಗುಮಾಸ್ತನ ವಹಿಯೊಳಗ ಯಾರ ಚೀಲ ಯಾವ ಸಾಲಿನ್ಯಾಗ ಐತಿ ಅನ್ನೂದು ಓದಾಕ ಬರಬೇಕು. ಈ ನಾಲ್ಕರಾಗ ಯಾವುದು ತಪ್ಪಿದ್ರೂ ಚೀಲ ಸಿಗೂದಿಲ್ಲ, ಆದ್ರ ಚೀಲ ಅಲ್ಲೇ ಇರ್ತಾವು. ವಹಿ ಹರಿದ್ರ ಮೆಣಸಿನಕಾಯಿ ಕೊಳಿಯೂದಿಲ್ಲ. ಫಾರ್ಮ್ಯಾಟ್ ಅಂದ್ರ ಏನಂದ್ರ, ಹಳೇ ವಹಿ ಬಿಟ್ಟು ಹೊಸ ಖಾಲಿ ವಹಿ ತಗದು 'ಗೋದಾಮು ಖಾಲಿ ಐತಿ' ಅಂತ ಬರಕೊಳ್ಳೂದು. ಚೀಲ ಇನ್ನೂ ಇರ್ತಾವು, ಖರೆ, ಆದ್ರ ನಾಳೆ ಬಂದ ಹೊಸ ಮಾಲು ಅದರ ಜಾಗಾದಾಗ ಬಂದು ಕುಂಡ್ರತೈತಿ. ಇದು ಕ್ವಿಕ್ ಫಾರ್ಮ್ಯಾಟಿನ ಮಾತು. ಕ್ವಿಕ್ ಅನ್ನೂ ಟಿಕ್ ಮಾರ್ಕ್ ತಗದು ಪೂರಾ ಫಾರ್ಮ್ಯಾಟ್ ಮಾಡಿದ್ರ ವಿಸ್ಟಾದಿಂದ ಈಚಿನ ವಿಂಡೋಸ್ ಡಿಸ್ಕ್ ತುಂಬ ಸೊನ್ನಿ ಬರಿತೈತಿ, ಆವಾಗ ಚೀಲಾನೂ ಹೋದ್ವು, ಯಾರ ಕೈಲೂ ವಾಪಸ್ ತರಾಕ ಆಗೂದಿಲ್ಲ.

ಮೊದ್ಲ ಕರೆಂಟ್ ನೋಡ್ರಿ, ಇದಕ್ಕ ನಿಮ್ಮ ಕಿವಿ ಮತ್ತ ಕೈ ಸಾಕು. ಡಿಸ್ಕಿಗೆ ಕಿವಿ ಹಚ್ಚಿ ಕೇಳ್ರಿ, ಕೈ ಇಟ್ಟು ನೋಡ್ರಿ, ತಿರುಗಾಕತ್ತಿದ್ರ ಸಣ್ಣಗ ಗುಂಯ್ ಅಂತ ನಡುಗ್ತೈತಿ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ ಎರಡು ನಮೂನಿ ಕರೆಂಟ್ ಬೇಕು, ಮೋಟರ್ ತಿರುಗಾಕ 12 ವೋಲ್ಟ್, ಬೋರ್ಡಿಗೆ 5 ವೋಲ್ಟ್, ಎಸ್‌ಎಂಪಿಎಸ್ಸಿನಿಂದ, ಅಂದ್ರ ಕಂಪ್ಯೂಟರಿಗೆ ಕರೆಂಟ್ ಕೊಡೂ ಡಬ್ಬಿಯಿಂದ, ಬರೂ ವಾಯರಿನ್ಯಾಗ ಹಳದಿದು 12, ಕೆಂಪಂದು 5. ಎಸ್‌ಎಂಪಿಎಸ್ ಹಳೇದಾಗಿ 12ರ ಲೈನು ಕುಂತ್ರ ಬೋರ್ಡಿಗೆ ಜೀವ ಇರ್ತೈತಿ, ಡಿಸ್ಕ್ ತಿರುಗೂದಿಲ್ಲ. ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿನ ಅಡಾಪ್ಟರಿಂದೂ ಇದ ಕಥಿ, ಲೈಟ್ ಹತ್ತೈತಲ್ಲ ಅಂತ ಮಂದಿ ಅಡಾಪ್ಟರ್ ಚಲೋ ಐತಿ ಅನ್ಕೋತಾರ, ಲೈಟಿಗೆ ಎಷ್ಟು ಕರೆಂಟ್ ಬೇಕು ಹೇಳ್ರಿ, ಮೋಟರ್ ಎಬ್ಬಿಸಾಕ ಬೇಕಾಗೂದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಕಿಸೇದಾಗ ಹಿಡಿಯೂ ಸಣ್ಣ 2.5 ಇಂಚಿನ ಡಿಸ್ಕು ಬರೇ 5 ವೋಲ್ಟ್ ಮ್ಯಾಲೆ ನಡಿತೈತಿ, ಅದನ್ನ ಯುಎಸ್‌ಬಿಯಿಂದನ ಎಳ್ಕೋತೈತಿ. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡೂದು 500 ಮಿಲಿಆಂಪ್, 3.0 ಆದ್ರ 900. ತಿರುಗಾಕ ಚಾಲೂ ಮಾಡೂ ಆ ಒಂದು ಕ್ಷಣಕ್ಕ ಜಾಸ್ತಿ ಬೇಕಾಗ್ತೈತಿ, ಅದಕ್ಕ ಸಿಪಿಯು ಮುಂದಿನ ಪೋರ್ಟಿಗೆ ಹಚ್ಚಿದ್ರ ಎದ್ದು ಬೀಳಾಕತ್ತಿದ್ದ ಡಿಸ್ಕು ಹಿಂದ ಮದರ್‌ಬೋರ್ಡಿನ ಪೋರ್ಟಿಗೆ ಹಚ್ಚಿದ ಕೂಡ್ಲೆ ಬರೂದು ನಾ ಎಷ್ಟು ಸಲ ನೋಡೇನೋ ಲೆಕ್ಕಿಲ್ಲ. ಯುಎಸ್‌ಬಿ ಹಬ್ ಇದ್ರ ಅದನ್ನ ತಗದ ಬಿಡ್ರಿ. ಆಮ್ಯಾಲೆ ಕೇಬಲ್. ಆ ಅಗಲ ಚಪ್ಪಟಿ ಪಿನ್ನಿನ ಕೇಬಲ್ ಐತಲ್ಲ, ಅದು ಒಂದೆರಡು ವರ್ಷದಾಗ ಸಡ್ಲಾಗ್ತೈತಿ, ಕೈಲೆ ಜರಾ ಅಲಗಾಡಿಸಿದ್ರ ಡಿಸ್ಕ್ ಬಂದು ಹೋಗಿ ಮಾಡ್ತೈತಿ, ಹಂಗ ಬಂದು ಹೋಗಿ ಮಾಡೂದ ಡೇಟಾಕ್ಕ ಭಾಳ ಕೆಟ್ಟದ್ದು, ಯಾಕಂದ್ರ ವಹಿ ಬರಿಯೂವಾಗ ಕೈ ಹಿಡದು ಎಳದಂಗ ಆಗ್ತೈತಿ. ಬ್ಯಾರೆ ಕೇಬಲ್ ಹಚ್ಚಿ ನೋಡದನ ಡಿಸ್ಕ್ ಸತ್ತೈತಿ ಅನ್ನಬ್ಯಾಡ್ರಿ. ಧಾರವಾಡದ ಮಳಿಗಾಲ ನಿಮಗ ಗೊತ್ತೈತಿ, ಜೂನದಿಂದ ಶ್ರಾವಣದ ತನಕ ಗ್ವಾಡಿ ಹಸಿ ಆರೂದಿಲ್ಲ, ಆ ಥಂಡಿಯೊಳಗ ಕನೆಕ್ಟರಿನ ಪಿನ್ನಿಗೂ ಮಸಿ ಹಿಡಿತೈತಿ, ಗದಗಿನ ಕಡೆ ಆದ್ರ ಎರಿ ಮಣ್ಣಿನ ಧೂಳು. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ತಗದು, ಡೇಟಾ ಕೇಬಲ್ ಕರೆಂಟ್ ಕೇಬಲ್ ಎರಡೂ ಪೂರ್ತಿ ಕಿತ್ತು ಮತ್ತ ಒತ್ತಿ ಹಚ್ಚಿದ್ರ ಎಷ್ಟೋ ಡಿಸ್ಕು ಬಂದ್ಬಿಡ್ತಾವು. ಸೇಟಾ ಅಂದ್ರ ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಸೂ ಪದ್ಧತಿ, ಅದರ ಡೇಟಾ ಕೇಬಲಿಗೆ ಇರೂದು 7 ಪಿನ್ನು, ಕರೆಂಟ್ ಕನೆಕ್ಟರಿಗೆ 15, ಇಷ್ಟರಾಗ ಒಂದು ಸರಿ ಕುಂದರದಿದ್ರೂ ಆಟ ಮುಗೀತು.

ಸಪ್ಪಳದ ಬಗ್ಗೆ ಸ್ವಲ್ಪ ನಿಂತು ಹೇಳತೇನಿ, ಯಾಕಂದ್ರ ಮಂದಿ ಡೇಟಾ ಕಳಕೊಳ್ಳೂದು ಹೆಚ್ಚಾಗಿ ಇಲ್ಲೇ. 7200 ಆರ್‌ಪಿಎಂ ಡಿಸ್ಕ್ ಅಂದ್ರ ಒಂದು ಸೆಕೆಂಡಿಗೆ 120 ಸುತ್ತು, 5400ದ್ದಾದ್ರ 90 ಸುತ್ತು. ಆ ತಿರುಗೂ ತಟ್ಟಿ ಮ್ಯಾಲೆ ಓದೂ ಹೆಡ್ಡು ಕೆಲವ ಕೆಲವು ನ್ಯಾನೋಮೀಟರ್ ಎತ್ತರದಾಗ ಗಾಳಿ ಮ್ಯಾಲೆ ತೇಲತಿರ್ತೈತಿ, ನಮ್ಮ ತಲಿಕೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಟಿಕ್, ಟಿಕ್, ಟಿಕ್ ಅಂತ ಒಂದ ಲಯದಾಗ ಸಪ್ಪಳ ಬರಾಕತ್ತಿತು ಅಂದ್ರ ಹೆಡ್ಡು ತನ್ನ ಜಾಗಾ ಹುಡುಕಿ ಸಿಗಲಾರದ ವಾಪಸ್ ಹೋಗಿ ಮತ್ತ ಬಂದು ಮಾಡಾಕತ್ತೈತಿ. ಆ ಹೆಡ್ಡು ಮುರಿದೋ ಸೊಟ್ಟಾಗೋ ಇದ್ರ ಪ್ರತೀ ಸುತ್ತಿನ್ಯಾಗೂ ತಟ್ಟಿ ಕೆರಿತೈತಿ, ಕೆರದಲ್ಲಿ ಇದ್ದ ಫೋಟೋ ಜಗತ್ತಿನ ಯಾವ ಲ್ಯಾಬಿಗೆ ಹೋದ್ರೂ ಬರೂದಿಲ್ಲ. ಸಪ್ಪಳ ಕೇಳಿದ ಕೂಡ್ಲೆ ಕರೆಂಟ್ ತಗೀರಿ. ಇನ್ನೊಂದು ಸಲ ನೋಡೂಣು, ಬ್ಯಾರೆ ಲ್ಯಾಪ್‌ಟಾಪಿಗೆ ಹಚ್ಚಿ ನೋಡೂಣು, ಯಾವುದರ ಸಾಫ್ಟ್‌ವೇರ್ ಹಾಕಿ ನೋಡೂಣು, ಯಾವುದೂ ಬ್ಯಾಡ. ಫ್ರಿಜ್ಜಿನ್ಯಾಗ ಇಟ್ರ ಬರ್ತೈತಿ ಅಂತ ಒಬ್ಬರು ಹೇಳ್ತಾರ, ಇಡಬ್ಯಾಡ್ರಿ, ಹೊರಗ ತಗದಾಗ ಒಳಗ ನೀರ ಹನಿ ಕುಂಡ್ರತಾವು. ಮನಿಯೊಳಗ ಸ್ಕ್ರೂ ಬಿಚ್ಚಿ ಮುಚ್ಚಳ ತಗದು ನೋಡೂದಂತೂ ಕೊಂದಂಗ, ಗಾಳ್ಯಾಗಿನ ಒಂದು ಧೂಳಿನ ಕಣ ಆ ಹೆಡ್ಡಿಗೆ ಗುಡ್ಡ ಇದ್ದಂಗ. ಟಿಕ್ ಟಿಕ್ ಅಲ್ಲದ ಸಣ್ಣಗ ಪೀಂ ಪೀಂ ಅಂತಿದ್ರ ಒಂದೋ ಕರೆಂಟ್ ಸಾಲವಲ್ದು, ಇಲ್ಲಾ ಮೋಟರ್ ಅಥವಾ ಹೆಡ್ಡು ಹಿಡಕೊಂಡೈತಿ, ಕೇಬಲ್ ಮತ್ತ ಪೋರ್ಟು ಒಂದು ಸಲ ಬದ್ಲಿ ಮಾಡಿ ನೋಡ್ರಿ, ಹಂಗ ಇದ್ರ ಅಲ್ಲಿಗೆ ನಿಲ್ಲಸ್ರಿ.

ಸಪ್ಪಳ ಚಲೋ ಐತಿ, ತಿರುಗಾಕತ್ತೈತಿ, ಆದ್ರೂ ಕಾಣವಲ್ದು ಅಂದ್ರ ಗೇಟಿನ್ಯಾಗ ಕುಂತಾವನ್ನ ಕೇಳಬೇಕು, ಅಂವ ಅಂದ್ರ ಬಯೋಸ್, ವಿಂಡೋಸಿಗಿಂತ ಮೊದ್ಲ ಏಳೂ ಮದರ್‌ಬೋರ್ಡಿನ ಪ್ರೋಗ್ರಾಮು. ಕಂಪ್ಯೂಟರ್ ಚಾಲೂ ಆಗೂವಾಗ ಡಿಲೀಟ್ ಕೀನೋ ಎಫ್2 ಕೀನೋ ಒತ್ತಿ ಒಳಗ ಹೋದ್ರ ಯಾವ ಯಾವ ಡಿಸ್ಕು ಹಚ್ಚೇರಿ ಅಂತ ಮಾಡೆಲ್ ನಂಬರ್ ಸಮೇತ ತೋರಸ್ತೈತಿ. ಇದು ಭಾಳ ದೊಡ್ಡ ಸುಳಿವು. ಬಯೋಸಿನ್ಯಾಗ ಹೆಸರು ಬಂತಂದ್ರ ಕೇಬಲ್, ಕರೆಂಟು ಹೆಚ್ಚುಕಡಿಮಿ ಪಾಸ್, ತಪ್ಪು ವಿಂಡೋಸ್ ಕಡೆ ಹುಡುಕಬೇಕು. ಅಲ್ಲೇ ಬರದಿದ್ರ ವಿಂಡೋಸ್ ಹತ್ತು ಸಲ ಹೊಸದಾಗಿ ಹಾಕಿದ್ರೂ ಬರೂದಿಲ್ಲ. ಡಿಸ್ಕ್ ಕಾಣವಲ್ದು ಅಂತ ವಿಂಡೋಸ್ ಮತ್ತೊಮ್ಮೆ ಹಾಕಿ ರೊಕ್ಕ ತಗೊಂಡು ಕಳಸೂ ಮಂದಿ ಅದಾರ, ಬಯೋಸ್ ತೋರಿಸ್ರಿ ಅಂತ ಕೇಳಾಕ ನಾಚಿಕೋಬ್ಯಾಡ್ರಿ.

ಹಳೇ ಕಂಪ್ಯೂಟರಿನ್ಯಾಗ ಇನ್ನೊಂದು ಸಣ್ಣ ಕಳ್ಳ ಇರ್ತಾನ, ಮದರ್‌ಬೋರ್ಡಿನ ಮ್ಯಾಲೆ ರೂಪಾಯಿ ಬಿಲ್ಲೆ ಹಂಗ ಇರೂ ಸಿಆರ್2032 ಸೆಲ್ಲು. ಪ್ಲಗ್ ತಗದಾಗ ಬಯೋಸಿನ ತಾರೀಖು, ಹಳೇ ಬೋರ್ಡಿನ್ಯಾಗ ಸೆಟ್ಟಿಂಗೂ, ಅದು ಕಾಯ್ತೈತಿ. ಸೆಲ್ ಇಳದ್ರ ಒಂದು ದಿನ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದ ಹೋಗಿರ್ತೈತಿ, ಜೊತಿಗೆ ಡಿಸ್ಕನ್ನ ಯಾವ ರೀತಿ ಓದಬೇಕು ಅನ್ನೂ ಸೆಟ್ಟಿಂಗೂ ಹಳೇ ಡಿಫಾಲ್ಟಿಗೆ ಹೋಗಿರ್ತೈತಿ, ಎಎಚ್‌ಸಿಐ ಇದ್ದದ್ದು ಐಡಿಇ ಇಲ್ಲಾ ರೇಡ್ ಆಗಿ ಕುಂತಿರ್ತೈತಿ, ವಿಂಡೋಸ್ ಬೂಟ್ ಆಗೂವಾಗ ನೀಲಿ ಸ್ಕ್ರೀನ್ ಬರ್ತೈತಿ. ಮಂದಿ ಡಿಸ್ಕ್ ಹೋತು ಅಂತಾರ, ಹೋಗಿದ್ದು ಸಣ್ಣ ರೊಕ್ಕದ ಸೆಲ್ಲು. ತಾರೀಖು ತಪ್ಪಿತ್ತಂದ್ರ ಮೊದ್ಲ ಸೆಲ್ ಬದ್ಲಿ ಮಾಡಿ ಆ ಸೆಟ್ಟಿಂಗ್ ಮೊದ್ಲಿನಂಗ ಮಾಡ್ರಿ.

ಹೊಸ ಲ್ಯಾಪ್‌ಟಾಪಿಂದು ಬ್ಯಾರೆ ಕಥಿ. ಹುಬ್ಬಳ್ಳಿ ವಿದ್ಯಾನಗರದಾಗ ರೂಮ್ ಮಾಡಿದ್ದ ಎಂಜಿನಿಯರಿಂಗ್ ಹುಡುಗಾ ಒಬ್ಬಾಂವ ಪೆನ್ ಡ್ರೈವ್‌ಲೆ ವಿಂಡೋಸ್ ಹಾಕಾಕ ಹೋಗಿದ್ದ, ಎಲ್ಲಿ ಹಾಕ್ಲಿ ಅಂತ ಕೇಳೂ ಜಾಗಾದಾಗ ಡಿಸ್ಕಿನ ಪಟ್ಟಿನ ಖಾಲಿ, ಅಣ್ಣಾ ಹೊಸ ಎಸ್‌ಎಸ್‌ಡಿ (ತಿರುಗೂ ತಟ್ಟಿ ಇಲ್ಲದ, ಚಿಪ್ಪಿನ ಡಿಸ್ಕು) ಡಿಫೆಕ್ಟ್ ಐತಿ ಅಂತ ಅಳೂದೊಂದ ಬಾಕಿ. ಡಿಫೆಕ್ಟ್ ಏನೂ ಇರಲಿಲ್ಲ. ಇಂಟೆಲ್ 11ನೇ ಜನರೇಶನ್ನಿನಿಂದ ಈಚೆಗೆ ಬಂದ ಭಾಳ ಲ್ಯಾಪ್‌ಟಾಪಿನ್ಯಾಗ ಎನ್‌ವಿಎಂಇ ಅನ್ನೂ ಜಾತಿಯ ಎಸ್‌ಎಸ್‌ಡಿ ವಿಎಂಡಿ ಅನ್ನೂ ಒಂದು ಕಂಟ್ರೋಲರ್ ಹಿಂದ ಕುಂತಿರ್ತೈತಿ, ವಿಂಡೋಸ್ ಇನ್‌ಸ್ಟಾಲರಿನ ಹತ್ರ ಅದರ ಡ್ರೈವರ್ ಇಲ್ಲಂದ್ರ ಡಿಸ್ಕ್ ಅದಕ್ಕ ಕಾಣೂದಿಲ್ಲ. ಲ್ಯಾಪ್‌ಟಾಪ್ ಕಂಪನಿ ವೆಬ್‌ಸೈಟಿನಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ ಪೆನ್ ಡ್ರೈವಿನ್ಯಾಗ ಹಾಕಿ, ಅದ ಸ್ಕ್ರೀನಿನ್ಯಾಗ ಲೋಡ್ ಡ್ರೈವರ್ ಒತ್ತಿ ತೋರಿಸಿದ್ರ ಡಿಸ್ಕ್ ಬರ್ತೈತಿ. ಬಯೋಸಿನ್ಯಾಗ ವಿಎಂಡಿ ಬಂದ್ ಮಾಡಿದ್ರೂ ಬರ್ತೈತಿ, ಆದ್ರ ಆಗಲೇ ವಿಂಡೋಸ್ ಇದ್ದ ಲ್ಯಾಪ್‌ಟಾಪಿನ್ಯಾಗ ಅದನ್ನ ಸುಮ್ ಸುಮ್ನ ಬದ್ಲಿ ಮಾಡಬ್ಯಾಡ್ರಿ, ಇದ್ದ ವಿಂಡೋಸ್ ಬೂಟ್ ಆಗಲಾರದ ನಿಂದರಬಹುದು, ಬಿಟ್‌ಲಾಕರ್, ಅಂದ್ರ ವಿಂಡೋಸ್ ಡಿಸ್ಕಿಗೆ ಹಾಕೂ ಕೀಲಿ, ಇತ್ತಂದ್ರ 48 ಅಂಕಿಯ ರಿಕವರಿ ಕೀ ಕೇಳಬಹುದು, ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ್ಯಾಗ ಐತೋ ಇಲ್ಲೋ ಮೊದ್ಲ ನೋಡ್ಕೊಳ್ರಿ.

ಎಂ.2 ಎಸ್‌ಎಸ್‌ಡಿ, ಅಂದ್ರ ಬೋರ್ಡಿನ ಸ್ಲಾಟಿಗೆ ನೇರ ಕುಂಡ್ರೂ ಚಪ್ಪಟಿ ಪಟ್ಟಿ, ಹೊಸದಾಗಿ ಕೊಂಡು ಹಾಕಿದಾವ್ರಿಗೆ ಒಂದು ಮಾತು. ನೋಡಾಕ ಒಂದ ಥರ ಇದ್ರೂ ಅದರಾಗ ಎರಡು ಜಾತಿ, ಸೇಟಾ ಮತ್ತ ಎನ್‌ವಿಎಂಇ, ಸ್ಲಾಟು ಒಂದಕ್ಕ ಅಷ್ಟ ಒಪ್ಪೂ ಹಂಗ ಇದ್ರ ಇನ್ನೊಂದನ್ನ ಒತ್ತಿ ಹಾಕಿದ್ರೂ ಕಾಣೂದಿಲ್ಲ. ಮತ್ತ ಕೆಲವು ಡೆಸ್ಕ್‌ಟಾಪ್ ಬೋರ್ಡಿನ್ಯಾಗ ಎಂ.2 ಸ್ಲಾಟ್ ತುಂಬಿದ ಕೂಡ್ಲೆ ಒಂದೆರಡು ಸೇಟಾ ಪೋರ್ಟು ತಾವ ಬಂದ್ ಆಗ್ತಾವು, ಎರಡಕ್ಕೂ ದಾರಿ ಒಂದ ಇರ್ತೈತಿ. ಹೊಸದು ಬಂತು ಹಳೇದು ಹೋತು ಅನ್ನೂ ಫೋನಿಗೆ ನಾ ಹೇಳೂದು, ಹಳೇ ಡಿಸ್ಕಿನ ಕೇಬಲ್ ಬ್ಯಾರೆ ಪೋರ್ಟಿಗೆ ಹಾಕ್ರಿ ಅಂತ, ಹೆಚ್ಚಿನಂಶ ಅಲ್ಲಿಗೇ ಮುಗಿತೈತಿ.

ಈಗ ಬಯೋಸಿಗೆ ಕಂಡೈತಿ, ವಿಂಡೋಸಿನ್ಯಾಗ ದಿಸ್ ಪಿಸಿ ಒಳಗ ಇಲ್ಲ. ಸ್ಟಾರ್ಟ್ ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡ್ರಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಬರ್ತೈತಿ. ನನ್ನ ಕೇಳಿದ್ರ ಇಡೀ ವಿಂಡೋಸಿನ್ಯಾಗ ಮಂದಿಗೆ ಗೊತ್ತಿರಲೇಬೇಕಾದ ಜಾಗಾ ಇದು, ಯಾಕಂದ್ರ ದಿಸ್ ಪಿಸಿ ತೋರಸೂದು ನಂಬರ್ ಇದ್ದ ಬಾಗಲಾ ಅಷ್ಟ, ಇದು ತೋರಸೂದು ಇಡೀ ಗೋದಾಮು. ಇಲ್ಲಿ ನಿಮ್ಮ ಡಿಸ್ಕು ನೀಲಿ ಪಟ್ಟಿ ಜೊತಿ ಎನ್‌ಟಿಎಫ್‌ಎಸ್ (ವಿಂಡೋಸ್ ವಹಿ ಬರಿಯೂ ಪದ್ಧತಿ), ಹೆಲ್ದಿ ಅಂತ ಇದ್ದು ಮುಂದ ಅಕ್ಷರ ಇಲ್ಲಂದ್ರ ಖುಷಿ ಪಡ್ರಿ, ಬರೇ ಡ್ರೈವ್ ಲೆಟರ್ ಹೋಗೈತಿ, ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಒಳಗ ಒಂದು ಅಕ್ಷರ ಕೊಟ್ರ ಮುಗೀತು. ಆಫ್‌ಲೈನ್ ಅಂತಿದ್ರ ಎಡಗಡೆ ಡಿಸ್ಕಿನ ಹೆಸರಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡ್ರಿ.

ಆದ್ರ ನಾಟ್ ಇನಿಶಿಯಲೈಸ್ಡ್ ಅಂತ ಬಂದು, ಎಂಬಿಆರ್ ಬೇಕೋ ಜಿಪಿಟಿ ಬೇಕೋ, ಅಂದ್ರ ಯಾವ ಕೋಣಿ ಎಲ್ಲಿ ಐತಿ ಅನ್ನೂ ನಕ್ಷಾ ಯಾವ ಪದ್ಧತಿಯೊಳಗ ಬರೀಲಿ, ಅಂತ ಒಂದು ಡಬ್ಬಿ ತೆರಿತಲ್ಲ, ಅಲ್ಲಿ ಕೈ ಹಿಂದ ತಗೀರಿ. ಹೊಚ್ಚ ಹೊಸ ಡಿಸ್ಕ್ ಆದ್ರ ಅದು ಸಹಜ, ಹೊಸದಕ್ಕ ಇನ್ನೂ ನಕ್ಷಾನ ಬರದಿರೂದಿಲ್ಲ, ಜಿಪಿಟಿ ಅಂತ ಓಕೆ ಕೊಡ್ರಿ, ಎಂಬಿಆರ್ ಸಾಮಾನ್ಯ ಡಿಸ್ಕಿನ್ಯಾಗ 2 ಟಿಬಿ ಮ್ಯಾಲೆ ಲೆಕ್ಕ ಹಿಡಿಯೂದಿಲ್ಲ. ನಿನ್ನೆ ತನಕ ನಿಮ್ಮ ಮಗಳ ಫೋಟೋ ಇದ್ದ ಡಿಸ್ಕು ಇವತ್ತು ಹಿಂಗ ಕೇಳಿದ್ರ ಕ್ಯಾನ್ಸಲ್. ಯಾಕಂದ್ರ ಅದು ಹೇಳಾಕತ್ತಿದ್ದು 'ನನಗ ನಕ್ಷಾ ಓದಾಕ ಆಗವಲ್ದು, ಹೊಸದು ಬರಕೊಳ್ಲ್ಯಾ' ಅಂತ. ಅಲ್ಲೇ ಇನ್ನೊಂದು ಪರೀಕ್ಷಾ ಐತಿ, ಡಿಸ್ಕಿನ ಸೈಜ್ ನೋಡ್ರಿ. 1 ಟಿಬಿ ಡಿಸ್ಕಿಗೆ 931 ಜಿಬಿ ಅಂತ ತೋರಿಸಿದ್ರ ಅದು ಸರಿ, ಕಂಪನಿಯಾವ್ರು ಸಾವಿರದ ಲೆಕ್ಕದಾಗ ಎಣಸ್ತಾರ, ವಿಂಡೋಸ್ 1024ರ ಲೆಕ್ಕದಾಗ. ಸೈಜ್ ಸರಿ ಬಂದ್ರ ಡಿಸ್ಕಿನ ತಲಿ ನೆಟ್ಟಗೈತಿ, ಹೆಚ್ಚಾಗಿ ನಕ್ಷಾ ಅಷ್ಟ ಹೋಗಿರ್ತೈತಿ. ಸೈಜ್ ಸೊನ್ನಿ ಅಥವಾ ಏನೋ ಸಂಬಂಧ ಇಲ್ಲದ್ದು ಬಂದ್ರ ಡಿಸ್ಕು ತನ್ನ ಒಳಗಿನ ಸ್ವಂತ ಪ್ರೋಗ್ರಾಮು, ಫರ್ಮ್‌ವೇರ್, ಓದಾಕ ಒದ್ದಾಡಾಕತ್ತೈತಿ, ಅದು ಮನಿಯೊಳಗ ಸರಿ ಆಗೂ ರೋಗ ಅಲ್ಲ.

ಪ್ರೆಸ್ಸಿನಾವ್ರಿಗೆ ಬರೂ ಒಂದು ವಿಶೇಷ ಕೇಸು ಹೇಳಲೇಬೇಕು. ಪೇಜ್‌ಮೇಕರ್ ಸಲುವಾಗಿ ಇನ್ನೂ ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಕೊಂಡಾವ್ರು ಅದಾರ. ಹೊಸ ಲ್ಯಾಪ್‌ಟಾಪಿನ್ಯಾಗ ಜಿಪಿಟಿ ಮಾಡಿದ ಡಿಸ್ಕನ್ನ 32 ಬಿಟ್ ಎಕ್ಸ್‌ಪಿಗೆ ಹಚ್ಚಿದ್ರ ಅದು ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್ ಅಂತ ತೋರಿಸಿ ಸುಮ್ಕ ಕುಂಡ್ರತೈತಿ, ಒಳಗ ಬಿಡೂದಿಲ್ಲ. ಡಿಸ್ಕಿಗೆ ಏನೂ ಆಗಿಲ್ಲ, ಆ ಎಕ್ಸ್‌ಪಿಗೆ ಆ ಭಾಷಾ ಬರೂದಿಲ್ಲ. ಮ್ಯಾಕ್ ಕಂಪ್ಯೂಟರಿನ ಡಿಸ್ಕೋ ಲಿನಕ್ಸ್ ಡಿಸ್ಕೋ ವಿಂಡೋಸಿಗೆ ಹಚ್ಚಿದಾಗ ಬರೂ ಫಾರ್ಮ್ಯಾಟ್ ಪ್ರಶ್ನೀನೂ ಇದ ಜಾತಿದು. ಯಾರ ಡಿಸ್ಕು, ಎಲ್ಲಿ ಬರದದ್ದು ಅಂತ ಕೇಳ್ರಿ ಮೊದ್ಲ.

ಇನ್ನೊಂದು, ಇದು ಭಾಳ ಮಂದಿಗೆ ಗೊತ್ತಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿನ ಕೇಸಿಂಗ್ ಹಾಳಾತು ಅಂತ ಒಳಗಿನ ಡಿಸ್ಕ್ ತಗದು ನೇರ ಕಂಪ್ಯೂಟರಿನ ಸೇಟಾಕ್ಕ ಹಚ್ತೀರಿ, ಫಾರ್ಮ್ಯಾಟ್ ಅಂತ ಕೇಳ್ತೈತಿ, ಅಯ್ಯೋ ಡೇಟಾ ಹೋತು ಅಂತೀರಿ. ಹೋಗಿರೂದಿಲ್ಲ. ಕೆಲವು ಕೇಸಿಂಗಿನ ಸಣ್ಣ ಬೋರ್ಡು ಸೆಕ್ಟರನ್ನ, ಅಂದ್ರ ಡಿಸ್ಕಿನ್ಯಾಗ ಬರಿಯೂ ಸಣ್ಣ ಖಾನೆಯನ್ನ, 512 ಬೈಟಿನ ಬದ್ಲಿ 4096ರ ಲೆಕ್ಕದಾಗ ತೋರಸ್ತಿರ್ತೈತಿ, ಇನ್ನ ಕೆಲವು ಬರಿಯೂವಾಗನ ಎನ್‌ಕ್ರಿಪ್ಟ್ ಮಾಡಿ ಬರಿತಾವು, ನೀವು ಪಾಸ್‌ವರ್ಡ್ ಹಾಕಿರದಿದ್ರೂ. ಆ ಬೋರ್ಡ್ ಇಲ್ಲದ ಓದಿದ್ರ ಎಲ್ಲಾ ಕಲಸುಮೇಲೋಗರ. ಅದ ಮಾಡೆಲ್ಲಿನ ಇನ್ನೊಂದು ಕೇಸಿಂಗ್ ಹುಡುಕ್ರಿ, ಹಳೇ ಬೋರ್ಡನ್ನ ಕಸಕ್ಕ ಎಸೀಬ್ಯಾಡ್ರಿ. ಹಂಗ ತಗದ ದೊಡ್ಡ ಡಿಸ್ಕು ಕೆಲವು ಹಳೇ ಎಸ್‌ಎಂಪಿಎಸ್ಸಿಗೆ ಹಚ್ಚಿದಾಗ ತಿರುಗೂದನ್ನೂ ಬಿಡ್ತಾವು, ಯಾಕಂದ್ರ ಹೊಸ ಸೇಟಾ ನಿಯಮದಾಗ ಕರೆಂಟಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದ್ರ 'ಮಲ್ಕೋ' ಅಂತ ಅರ್ಥ, ಹಳೇ ಎಸ್‌ಎಂಪಿಎಸ್ ಅದನ್ನ ಯಾವಾಗ್ಲೂ ಕೊಡ್ತಿರ್ತೈತಿ. 3.3 ವೋಲ್ಟ್ ಇಲ್ಲದ, ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ಕನ್ವರ್ಟರ್ ಹಾಕಿದ್ರ ಎದ್ದು ಕುಂಡ್ರತೈತಿ.

ಈಗ ವಹಿ ಹರದ ಕೇಸು, ಅಣ್ಣಾರದು. ಡಿಸ್ಕ್ ಮ್ಯಾನೇಜ್‌ಮೆಂಟಿನ್ಯಾಗ ರಾ (RAW) ಅಂತ ಬರ್ತೈತಿ, ಅಂದ್ರ ಕೋಣಿ ಐತಿ, ನಂಬರ್ ಐತಿ, ವಹಿ ತಿಳಿವಲ್ದು. ಹಿಂಗ ಯಾಕ ಆಗ್ತೈತಿ ಅಂದ್ರ ಬರಿಯೂವಾಗ ಕರೆಂಟ್ ಹೋಗೂದು, ನಮ್ಮ ಕಡೆ ಅಡ್ಡಮಳಿ ಗಾಳಿ ಶುರು ಆದಾಗ ಐದು ನಿಮಿಷದಾಗ ಹತ್ತು ಸಲ ಹೋಗಿ ಬರ್ತೈತಿ, ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿರ್ತೈತಿ. ಇಲ್ಲಾ ಸೇಫ್ಲಿ ರಿಮೂವ್ ಮಾಡದ ಕೇಬಲ್ ಕಿತ್ತದ್ದು. ಇಲ್ಲಾ ಆ ಜಾಗಾದ ಸೆಕ್ಟರ್ ಖರೇನ ಕೆಟ್ಟಿದ್ದು. ಸೆಕ್ಟರ್ ಖರೇನ ಕೆಟ್ಟಾವೋ ಇಲ್ಲೋ ಅಂತ ತಿಳಿಯಾಕ ಸ್ಮಾರ್ಟ್, ಅಂದ್ರ ಡಿಸ್ಕು ತಾನ ಬರದಿಟ್ಕೊಳ್ಳೂ ಆರೋಗ್ಯದ ಲೆಕ್ಕ, ನೋಡಬೇಕು, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೂ ಪುಕ್ಕಟೆ ಸಾಫ್ಟ್‌ವೇರ್ ತೋರಸ್ತೈತಿ. ಅದರಾಗ ಹತ್ತಾರು ಸಾಲು ಇದ್ರೂ ಈ ಕೆಲಸಕ್ಕ ನಾಲ್ಕು ಸಾಕು. 5ನೇ ನಂಬರಿಂದು ಕೆಟ್ಟು ಬದ್ಲಿ ಆದ ಸೆಕ್ಟರ್ ಲೆಕ್ಕ, 197 ಮತ್ತ 198 ಈಗ ಓದಾಕ ಬರದ ಸೆಕ್ಟರ್, ಇವು ದಿನದಿಂದ ದಿನಕ್ಕ ಏರಾಕತ್ತಿದ್ರ ಡಿಸ್ಕು ಸಾಯಾಕತ್ತೈತಿ. 199 ಅಂದ್ರ ದಾರಿಯೊಳಗ ಡೇಟಾ ಕೆಟ್ಟ ಲೆಕ್ಕ, ಅದೊಂದ ಜಾಸ್ತಿ ಇದ್ದು ಉಳಿದವು ಸೊನ್ನಿ ಇದ್ರ ತಪ್ಪು ಹೆಚ್ಚಾಗಿ ಕೇಬಲಿಂದು.

ಚೆಕ್ ಡಿಸ್ಕ್ ಬಗ್ಗೆ ನನ್ನ ಮಾತು ಗಟ್ಟಿ. ಅದು ಕೆಟ್ಟ ಸಾಧನ ಅಲ್ಲ, ಆದ್ರ ಅದರ ಕೆಲಸ ವಹಿಯ ಲೆಕ್ಕ ಕೂಡಿಸೂದು, ನಿಮ್ಮ ಚೀಲ ಉಳಿಸೂದಲ್ಲ. ಲೆಕ್ಕಕ್ಕ ಬರದ ಎಂಟ್ರಿ ಹೊಡದು ಹಾಕ್ತೈತಿ, ಮೂಲ ಡಿಸ್ಕಿನ ಮ್ಯಾಲೇನ ಬರಿತೈತಿ, ಸಾಯೂ ಡಿಸ್ಕಿನ್ಯಾಗ ಹಗಲೂ ರಾತ್ರಿ ಹೆಡ್ಡು ಓಡಸ್ತೈತಿ. ಮೊದ್ಲ ಪೂರಾ ಡಿಸ್ಕಿನ ನಕಲು ಬ್ಯಾರೆ ಡಿಸ್ಕಿಗೆ ಇಳಿಸ್ಕೊಳ್ರಿ, ಸೆಕ್ಟರಿಗೆ ಸೆಕ್ಟರು, ಲಿನಕ್ಸಿನ ಡಿಡಿರೆಸ್ಕ್ಯೂ ಈ ಕೆಲಸಕ್ಕ ಹೇಳಿ ಮಾಡಿಸಿದ್ದು, ಓದಾಕ ಬರೂದನ್ನ ಮೊದ್ಲ ತಗೊಂಡು ಕಷ್ಟದ ಜಾಗಾಕ್ಕ ಆಮ್ಯಾಲೆ ಬರ್ತೈತಿ, ನಡುವ ನಿಂತ್ರ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರು ಮಾಡ್ತೈತಿ. ನಕಲು ಹೋಗೂ ಡಿಸ್ಕು ಅಷ್ಟ ದೊಡ್ಡದೋ ಅದಕ್ಕಿಂತ ದೊಡ್ಡದೋ ಇರಬೇಕು, ಮೂಲ ಯಾವುದು ನಕಲು ಯಾವುದು ಅನ್ನೂದು ಕಮಾಂಡ್ ಒತ್ತೂಕಿಂತ ಮೊದ್ಲ ಮೂರು ಸಲ ನೋಡಬೇಕು, ಉಲ್ಟಾ ಆದ್ರ ಖಾಲಿದು ತುಂಬಿದ್ದರ ಮ್ಯಾಲೆ ಬರಿತೈತಿ. ಮುಂದಿನ ಎಲ್ಲಾ ಪ್ರಯೋಗ ನಕಲಿನ ಮ್ಯಾಲೆ.

ಎಸ್‌ಎಸ್‌ಡಿ ಆದ್ರ ತಿರುಗೂದು ಇಲ್ಲ, ಸಪ್ಪಳ ಇಲ್ಲ, ಸುಳಿವೂ ಇಲ್ಲ, ನಿನ್ನೆ ಇತ್ತು ಇವತ್ತು ಬಯೋಸಿನ್ಯಾಗೂ ಇಲ್ಲ. ಕರೆಂಟ್ ಧಡಕ್ಕನ ಹೋದಾಗ ಅದರ ಒಳಗಿನ ನಕ್ಷಾ ಅರ್ಧಕ್ಕ ನಿಂತಿರ್ತೈತಿ. ಸೇಟಾ ಎಸ್‌ಎಸ್‌ಡಿಗೆ ಡೇಟಾ ಕೇಬಲ್ ತಗದು ಬರೇ ಕರೆಂಟ್ ಕೊಟ್ಟು 20 ನಿಮಿಷ ಬಿಟ್ಟು, ಅರ್ಧ ನಿಮಿಷ ಕರೆಂಟ್ ತಗದು, ಮತ್ತ 20 ನಿಮಿಷ ಕೊಟ್ರ ಕೆಲವು ತಾವ ಸುಧಾರಸ್ಕೊಂಡು ಬರ್ತಾವು, ನನ್ನ ಕಣ್ಣಾರೆ ಒಂದೆರಡು ಬಂದಾವು. ಬಂದ್ರ ಆ ಕ್ಷಣ ಡೇಟಾ ಹೊರಗ ತಗೀರಿ. ಮತ್ತ ಎಸ್‌ಎಸ್‌ಡಿಯೊಳಗ ಫಾರ್ಮ್ಯಾಟ್ ಒತ್ತೂದು ಇನ್ನೂ ಅಪಾಯ, ಟ್ರಿಮ್ ಅನ್ನೂದು ಖಾಲಿ ಅಂದ ಜಾಗಾ ಎಲ್ಲಾ ಒಳಗಿಂದೊಳಗ ಸ್ವಚ್ಛ ಮಾಡಿಬಿಡ್ತೈತಿ, ಆಮ್ಯಾಲೆ ರಿಕವರಿ ಸಾಫ್ಟ್‌ವೇರಿಗೆ ಸಿಗೂದು ಬರೇ ಸೊನ್ನಿ.

ಅಂಗಡಿಗೆ ಕೊಡೂವಾಗ ಏನು ಹೇಳಬೇಕು ಅನ್ನೂದೂ ಇದರಷ್ಟ ಮುಖ್ಯ. 2013ರಾಗ ನಮ್ಮ ಅಪ್ಪ ತೀರಕೊಂಡ ಮ್ಯಾಲೆ ಅಂವ ಹಾಡಿದ ಭಜನಿ ಪದದ ರೆಕಾರ್ಡಿಂಗ್ ಇದ್ದ ಡಿಸ್ಕು ಕೈ ಕೊಡ್ತು, ಒಂದು ಅಂಗಡಿಗೆ ಒಯ್ದು "ಇದನ್ನ ಸರಿ ಮಾಡಿ ಕೊಡ್ರಿ" ಅಂದೆ. ಎರಡು ದಿನಕ್ಕ ಸರಿ ಮಾಡಿ ಕೊಟ್ರು, ಹಚ್ಚಿದ್ರ ಡಿಸ್ಕ್ ಬಂತು, ಪೂರಾ ಖಾಲಿ. ಅಲ್ಲಿ ಸರಿ ಮಾಡೂದು ಅಂದ್ರ ಡಿಸ್ಕ್ ನಡಿಯೂ ಹಂಗ ಮಾಡೂದು, ಡೇಟಾ ಬೇಕೇನು ಅಂತ ಅವ್ರು ಕೇಳಲಿಲ್ಲ, ನಾ ಹೇಳಲಿಲ್ಲ. ಅಪ್ಪನ ದನಿ ಇನ್ನೆಲ್ಲೂ ಇರಲಿಲ್ಲ. ಈ ಕೆಲಸ ನಾ ಕಲ್ತದ್ದು ಅದರಿಂದನ. ಅದಕ್ಕ ಕೈಮುಗದು ಹೇಳತೇನಿ, ಡಿಸ್ಕ್ ಕೊಡೂವಾಗ ಚೀಟಿ ಮ್ಯಾಲೆ ಬರಸ್ರಿ, 'ಡಿಸ್ಕ್ ಹೋದ್ರೂ ನಡಿತೈತಿ, ಡೇಟಾ ಬೇಕು, ಕೇಳದ ಫಾರ್ಮ್ಯಾಟ್ ಮಾಡಬ್ಯಾಡ್ರಿ' ಅಂತ. ಟಿಕ್ ಟಿಕ್ ಡಿಸ್ಕ್ ಆದ್ರ ಕ್ಲೀನ್ ರೂಮ್ ಇದ್ದ ಲ್ಯಾಬಿಗೇ ಹೋಗಬೇಕು, ರೊಕ್ಕ ಭಾಳ ಹತ್ತತೈತಿ, ಬೋರ್ಡ್ ಬದ್ಲಿ ಮಾಡಿದ್ರ ಸಾಕು ಅಂತ ಯಾರರೆ ಅಂದ್ರ ಆರ್‌ಒಎಂ (ROM) ಚಿಪ್ಪಿನ ಗತಿ ಏನು ಅಂತ ಕೇಳ್ರಿ, ಇದು ಕಂಪ್ಯೂಟರಿನ ರ್ಯಾಮ್ (RAM) ಅಲ್ಲ, ಡಿಸ್ಕಿನ ಬೋರ್ಡಿನ ಮ್ಯಾಲಿನ ಬ್ಯಾರೆ ಚಿಪ್ಪು, ಪ್ರತೀ ಡಿಸ್ಕಿನ ಹೆಡ್ಡಿನ ಅಳತಿ ಅದರಾಗ ಬರದಿರ್ತೈತಿ, ಹೊಸ ಬೋರ್ಡಿಗೆ ಅದನ್ನ ದಾಟಿಸದ ಈಚಿನ ಡಿಸ್ಕು ಹೆಚ್ಚಾಗಿ ನಡಿಯೂದಿಲ್ಲ.

ಮರುದಿನ ಮುಂಜಾನೆ ಗಾಡಿ ಹತ್ತಿ ಗದಗಿಗೆ ಹೋದೆ, ಅಣ್ಣಾರು ರಾತ್ರಿ ಮಲಗಿರಲಿಲ್ಲ ಅಂತ ಮುಖ ನೋಡಿದ್ರ ಗೊತ್ತಾಗ್ತಿತ್ತು. ಡಿಸ್ಕಿಗೆ ಕಿವಿ ಹಚ್ಚಿದೆ, ಸಪ್ಪಳ ಶುದ್ಧ. ಬಯೋಸಿನ್ಯಾಗ ಹೆಸರು ಬಂತು. ಸೈಜ್ 931 ಜಿಬಿ, ರಾ. ಸ್ಮಾರ್ಟಿನ್ಯಾಗ 5, 197, 198 ಮೂರೂ ಸೊನ್ನಿ, 199 ಅಷ್ಟ ಸಾವಿರದ ಮ್ಯಾಲೆ. ಕೆಂಪು ಡೇಟಾ ಕೇಬಲ್ಲಿಗೆ ಲಾಕ್ ಕ್ಲಿಪ್ಪ ಇರಲಿಲ್ಲ, ಮುಟ್ಟಿದ್ರ ಅಲಗಾಡ್ತಿತ್ತು. ಕೇಬಲ್ ಬದ್ಲಿ ಮಾಡಿ ನಕಲು ಹಚ್ಚಿದೆ, ಆ ಕಂಪ್ಯೂಟರಿನ್ಯಾಗ ಇದ್ದದ್ದು ಬರೇ ಯುಎಸ್‌ಬಿ 2.0, ಸೆಕೆಂಡಿಗೆ 35 ಎಂಬಿ ಹತ್ರ, 1 ಟಿಬಿಗೆ ಎಂಟು ತಾಸು. ಸಂಜೀತನಕ ಅಲ್ಲೇ ಕುಂತೆ, ಅಣ್ಣಾರ ಮನಿಯಾಗ ಅಕ್ಕಾರು ರೊಟ್ಟಿ ಹಚ್ಚಿ ಕೊಟ್ರು.

ಎನ್‌ಟಿಎಫ್‌ಎಸ್ಸಿನ ವಹಿಯ ಮೊದಲ ಪುಟ, ಬೂಟ್ ಸೆಕ್ಟರ್ ಅಂತಾರ, ಪಾರ್ಟಿಷನ್ನಿನ, ಅಂದ್ರ ಕೋಣಿಯ, ಶುರುವಿನ್ಯಾಗ ಇರ್ತೈತಿ, ಅದರದ ಇನ್ನೊಂದು ಪ್ರತಿ ಪಾರ್ಟಿಷನ್ನಿನ ಕಟ್ಟಕಡೀ ಸೆಕ್ಟರಿನ್ಯಾಗ ಇರ್ತೈತಿ, ಇದನ್ನ ಮಾಡಿದಾವ್ರು ಇಂಥಾ ದಿನಾ ಬರ್ತೈತಿ ಅಂತ ತಿಳದ ಇಟ್ಟಾರ. ಜಿಪಿಟಿ ನಕ್ಷಾಕ್ಕೂ ಹಂಗ ಡಿಸ್ಕಿನ ಕಡೀಕ ಒಂದು ಪ್ರತಿ ಇರ್ತೈತಿ. ಟೆಸ್ಟ್‌ಡಿಸ್ಕ್ ಅನ್ನೂ ಪುಕ್ಕಟೆ ಸಾಫ್ಟ್‌ವೇರ್ ಎರಡೂ ಪ್ರತಿ ತಾಳೆ ನೋಡ್ತೈತಿ. ಅಣ್ಣಾರ ನಕಲಿನ ಮ್ಯಾಲೆ ಓಡಿಸಿದೆ, ಮುಂದಿಂದು ಕೆಟ್ಟೈತಿ, ಹಿಂದಿಂದು ಚಲೋ ಐತಿ ಅಂತು. ಹಿಂದಿಂದನ್ನ ಮುಂದ ಬರೀಲೇನು ಅಂತ ಕೇಳ್ತು, ನಕಲ ಇದ್ದದ್ದಕ್ಕ ಹೂಂ ಅಂದೆ. ತಗದು ಮತ್ತ ಹಚ್ಚಿದೆ.

ಫೋಲ್ಡರು ಬಂದ್ವು, ವರ್ಷದ ಪ್ರಕಾರ, ಅಣ್ಣಾರು ಹೆಸರು ಹಾಕಿದಂಗ. ಅವ್ರು ಏನೂ ಮಾತಾಡಲಿಲ್ಲ, ಮೌಸ್ ನನ್ನ ಕೈಯಿಂದ ಇಸ್ಕೊಂಡು ಒಂದು ಲಗ್ನಪತ್ರಿಕಿ ಫೈಲು ತಗದ್ರು, ಅಕ್ಷರ ಎಲ್ಲಾ ನೆಟ್ಟಗ ಅದಾವೇನು ಅಂತ ತಾಯಿ-ತಂದಿ ಹೆಸರಿನಿಂದ ಹಿಡದು ಮುಹೂರ್ತದ ತನಕ ಓದಿದ್ರು, ಮರುದಿನ ಪ್ರೆಸ್ಸಿಗೆ ಕೊಡಬೇಕಾಗಿದ್ದು ಅದು. ಫೋನ್ ತಗದು "ಫೈಲ್ ರೆಡಿ ಐತಿ, ಹುಡುಗನ್ನ ಕಳಸ್ರಿ" ಅಂದ್ರು. ನಾ ಹಳೇ ಡಿಸ್ಕಿನ ಮ್ಯಾಲೆ ಮಾರ್ಕರ್‌ಲೆ ತಾರೀಖು ಬರದು, ಕೆಳಗ 'ಇದರಾಗ ಏನೂ ಹಾಕಬ್ಯಾಡ್ರಿ' ಅಂತ ಬರದು ಅವ್ರ ಕಪಾಟಿನ್ಯಾಗ ಇಟ್ಟು ಕಡೀ ಬಸ್ಸಿಗೆ ಹೊಂಟೆ.